ನಾಲ್ಕನೇ ಸುತ್ತಿನ ಸುಪ್ರಿಯಾ

ಮಾಚೇನಹಳ್ಳಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ. ಅಲ್ಲಿ ಸುಪ್ರಿಯಾಳಿಗೆ ಹದಿನಾರು ವರ್ಷದಿಂದ ಒಂದೇ ಕೆಲಸ: ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಇಂಥ ಕೆಲಸಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಗೊತ್ತಾದರೆ ನಮ್ಮಲ್ಲಿ ಅರ್ಧ ಊರೇ ಅರ್ಜಿ ಹಾಕೀತು. ಆದರೆ ಅವಳ ಹಾಗೆ ಮಾಡುವುದು ಎಲ್ಲರಿಂದಾಗುವ ಮಾತಲ್ಲ. ಪೀಸನ್ನು ಕೈಗೆತ್ತಿಕೊಂಡು, ಅಳತೆಯ ಗೇಜು ತೂರಿಸಿ ನೋಡಿ, ಬೆಳಕಿಗೆ ಹಿಡಿದು ತಿರುಗಿಸಿ, ಸರಿಯಿದ್ದರೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾಳೆ. ಸರಿಯಿಲ್ಲದಿದ್ದರೆ ಅದು ಪಕ್ಕದ ಕೆಂಪು ಡಬ್ಬಿಗೆ. ಮ್ಯಾನೇಜರ್ ಬಂದು, "ಇದೊಂದು ಹೋಗ್ಲಿ ಬಿಡಮ್ಮ, ಹೊರಗೆ ಲಾರಿ ನಿಂತಿದೆ" ಎಂದು ಹಲ್ಲು ಕಿರಿದರೂ ಡಬ್ಬಿಗೆ ಬಿದ್ದದ್ದು ಈಚೆ ಬರುವುದಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಅವಳನ್ನು ಕಂಡರೆ ಗೌರವವಿದೆ, ಪ್ರೀತಿ ಅಷ್ಟಕ್ಕಷ್ಟೆ.

ಇಂಥವಳಿಗೆ ಕಾರ್ಡಿನ ಹುಚ್ಚು ಹಿಡಿಸಿದ್ದು ಪೂಜಿತಾ ಎಂಬ ಟ್ರೈನಿ ಹುಡುಗಿ. ಕರೆಂಟು ಹೋಗಿ ಮಷಿನ್ನುಗಳೆಲ್ಲ ನಿಂತ ಒಂದು ಮಧ್ಯಾಹ್ನ ಅವಳು ಬ್ಯಾಗಿನಿಂದ 'ಗಡಿಕೋಟೆ'ಯ ಕಾರ್ಡುಗಳನ್ನು ತೆಗೆದು ಊಟದ ಮೇಜಿನ ಮೇಲೆ ಹರವಿದಳು. ಆಟ ತೀರ ಕಷ್ಟದ್ದೇನಲ್ಲ. ಎರಡು ಥರದ ಕಾರ್ಡು, ಕಣಜ ಮತ್ತು ಪಡೆ. ಕಣಜದಲ್ಲಿ ಕಾಳಿದ್ದರೆ ತಾನೆ ಪಡೆಗೆ ಊಟ? ಆದ್ದರಿಂದ ಮೊದಲು ಕಣಜ ಇಳಿಸಬೇಕು, ಆಮೇಲೆ ಪಡೆ ಇಳಿಸಿ ಎದುರಾಳಿಯ ಕೋಟೆಯ ಇಪ್ಪತ್ತು ಕಲ್ಲನ್ನು ಉರುಳಿಸಬೇಕು. ಕಾರ್ಡುಗಳು ಪ್ಯಾಕೆಟ್ಟಿನಲ್ಲಿ ಬರುತ್ತವೆ. ಒಡೆದು ನೋಡುವ ತನಕ ಒಳಗೆ ಏನಿದೆಯೋ ದೇವರಿಗೇ ಗೊತ್ತು. ಹಾಗೆ ಒಂದೊಂದಾಗಿ ಕೂಡಿಹಾಕಿ, ಬೇಡದ್ದನ್ನು ಬೇರೆಯವರಿಗೆ ಕೊಟ್ಟು ಬೇಕಾದ್ದನ್ನು ತಗೊಂಡು, ನಲವತ್ತು ಕಾರ್ಡಿನ ತನ್ನದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಪೂಜಿತಾ ಟ್ರೈನಿಂಗು ಮುಗಿಸಿ ಹೊಸೂರಿಗೆ ಹೋದಳು. ಹುಚ್ಚು ಇಲ್ಲೇ ಉಳಿಯಿತು.

ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಅತ್ತೆ ಚೌಡಮ್ಮನಿಗೆ ಇದನ್ನು ತಿಳಿಹೇಳುವುದು ಮಾತ್ರ ಯಾರಿಂದಲೂ ಆಗಲಿಲ್ಲ.

"ಎಷ್ಟೇ ಬಣ್ಣ ಬಳಿದ್ರೂ ಇಸ್ಪೀಟು ಇಸ್ಪೀಟೇ ಕಣೇ ಮಾರಾಯ್ತಿ. ಅಂದರ್ ಬಾಹರ್ ಆಡಿ ಮನೆ ಕಳ್ಕೊಂಡೋರನ್ನ ನಾನು ಕಣ್ಣಾರೆ ನೋಡಿದೀನಿ."

"ಇದ್ರಲ್ಲಿ ದುಡ್ಡು ಕಟ್ಟೋದೇ ಇಲ್ಲ ಅತ್ತೆ."

"ದುಡ್ಡು ಕಟ್ಟಲ್ಲ ಅಂದ್ರೆ ಮತ್ಯಾಕೆ ಆಡ್ತೀಯ?"

ಈ ಪ್ರಶ್ನೆಗೆ ಸುಪ್ರಿಯಾಳ ಹತ್ತಿರ ಉತ್ತರವಿತ್ತು, ಆದರೆ ಅತ್ತೆಯ ಮುಂದೆ ಹೇಳಲು ನಾಚಿಕೆ. ಹದಿನಾರು ವರ್ಷ ಬೇರೆಯವರು ಮಾಡಿದ್ದನ್ನು ಪಾಸು ಮಾಡಿದವಳಿಗೆ ತಾನು ಮಾಡಿದ್ದೊಂದು ಪಾಸಾಗಬೇಕಿತ್ತು. ಅಷ್ಟೇ. ಪ್ರತಿವರ್ಷ ಶಿವಮೊಗ್ಗದಲ್ಲಿ ಜಿಲ್ಲಾ ಪಂದ್ಯ ನಡೆಯುತ್ತದೆ. ಮೂವತ್ತೆರಡು ಜನ ಆಡುತ್ತಾರೆ, ನಾಲ್ಕನೇ ಸುತ್ತು ಗೆದ್ದ ಇಬ್ಬರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಸುಪ್ರಿಯಾ ಮೊದಲ ವರ್ಷ ಮೊದಲ ಸುತ್ತಿಗೇ ಮಣ್ಣುಮುಕ್ಕಿದಳು. ಎರಡನೇ ವರ್ಷ ಮೂರನೇ ಸುತ್ತು. ಹೋದ ವರ್ಷ ನಾಲ್ಕನೇ ಸುತ್ತು ಮುಟ್ಟಿದಳು, ಆದರೆ ಅವಳ ಒಂದು ಕಾರ್ಡಿನ ಪ್ಲಾಸ್ಟಿಕ್ ಕವರಿನ ತುದಿ ಹರಿದಿದೆಯೆಂದು ಒಂದು ಆಟವನ್ನು ಎದುರಾಳಿಗೆ ಕೊಟ್ಟುಬಿಟ್ಟರು. ಕವರು ಹರಿದಿದ್ದರೆ ಬೆನ್ನಿನ ಕಡೆಯಿಂದಲೇ ಕಾರ್ಡು ಯಾವುದೆಂದು ಗುರುತು ಸಿಗುತ್ತದಲ್ಲ, ಅದಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವಳಿಗೆ ತನ್ನ ಕೈಯಲ್ಲಿದ್ದ ಹರುಕು ಕಾಣಲಿಲ್ಲವೆಂಬ ಅವಮಾನ ವರ್ಷವಿಡೀ ಕಾಡಿತು. ಈ ಸಲ ಗೆದ್ದೇ ತೀರಬೇಕೆಂದು ಹಟ ಹಿಡಿದಳು.

ಈ ವರ್ಷದ ಪಂದ್ಯ ಗೋಪಾಳದ ಒಂದು ಟ್ಯೂಷನ್ ಸೆಂಟರಿನ ಮಹಡಿಯ ಹಾಲಿನಲ್ಲಿ, ಭಾನುವಾರ. ಸುಪ್ರಿಯಾ ಬೆಳಗಿನ ಬಸ್ಸಿಗೇ ಹೊರಟಳು. ಕಾಲೇಜು ಹುಡುಗರು, ಇಬ್ಬರು ಬ್ಯಾಂಕಿನವರು, ಒಬ್ಬ ಹಲ್ಲಿನ ಡಾಕ್ಟರು, ಹೀಗೆ ಸಂತೆಯ ಹಾಗೆ ಎಲ್ಲ ಜಾತಿಯ ಜನ ಸೇರಿದ್ದರು. ಜಡ್ಜ್ ಚಂದ್ರಹಾಸ ವಾರದ ದಿನಗಳಲ್ಲಿ ಮೊಬೈಲ್ ರಿಪೇರಿ ಮಾಡುವವನು. ಆವತ್ತು ಇಸ್ತ್ರಿ ಶರ್ಟು ಹಾಕಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಹೈಕೋರ್ಟಿನ ಗತ್ತಿನಲ್ಲಿ ಓಡಾಡುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಸುಪ್ರಿಯಾ ಮೂರೂ ಸುತ್ತು ಗೆದ್ದಿದ್ದಳು.

ನಾಲ್ಕನೇ ಸುತ್ತಿನಲ್ಲಿ ಎದುರಿಗೆ ಕೂತವರು ರವೀಂದ್ರನಗರದ ಶಿವರಾಮ ಮೇಷ್ಟ್ರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಹಣೆಯಲ್ಲಿ ಗಂಧ, ಹೆಗಲ ಮೇಲೆ ಶಲ್ಯ. ಕಾರ್ಡಿನ ಮೇಲಿನ ಸಣ್ಣಕ್ಷರವನ್ನು ಪಂಚಾಂಗದಷ್ಟೇ ಶ್ರದ್ಧೆಯಿಂದ ಓದುವ ಮನುಷ್ಯ. ಜಿಲ್ಲೆಯಲ್ಲಿ ಅವರನ್ನು ಸೋಲಿಸಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

"ಭದ್ರಾವತಿಯಿಂದ ಬಂದ್ಯೇನಮ್ಮ? ಬಸ್ಸು ಸಿಕ್ತಾ?" ಎಂದು ಕೇಳಿದರು.

"ಸಿಕ್ತು ಸಾರ್."

"ಹಾಗಾದ್ರೆ ಶುರು ಮಾಡೋಣ."

ಮೂರು ಆಟದಲ್ಲಿ ಎರಡು ಗೆದ್ದವರು ಮುಂದಕ್ಕೆ. ಮೊದಲ ಆಟದಲ್ಲಿ ಮೇಷ್ಟ್ರು ಅವಳನ್ನು ಗೋಳುಹೊಯ್ದುಕೊಂಡರು. ಅವಳ ಕೈಯಲ್ಲಿ ಪಡೆ ಇಲ್ಲದಾಗಲೇ ನುಗ್ಗುತ್ತಿದ್ದರು, ಪಡೆ ಬಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅನುಭವ ಅಂದರೆ ಹೀಗಿರಬೇಕು ಎಂದುಕೊಂಡಳು ಸುಪ್ರಿಯಾ. ಆದರೂ ಹಲ್ಲು ಕಚ್ಚಿ ಕೂತಳು. ಕೊನೆಗೆ ತನ್ನ ಕೋಟೆಯಲ್ಲಿ ಒಂದೇ ಒಂದು ಕಲ್ಲು ಉಳಿದಿರುವಾಗ ಅವರದನ್ನು ಕೆಡವಿದಳು. ಎರಡನೇ ಆಟ ಇನ್ನೂ ಚೆನ್ನಾಗಿ ನಡೆಯಿತು. ಮೇಷ್ಟ್ರ ಕೋಟೆಯಲ್ಲಿ ನಾಲ್ಕು ಕಲ್ಲು ಉಳಿದಿದ್ದವು. ಅವಳಿಗೆ ಇನ್ನೊಂದು ಕಣಜ ಸಿಕ್ಕರೆ ಕೈಯಲ್ಲಿದ್ದ ದೊಡ್ಡ ಪಡೆ ಇಳಿಸಿ ಅಲ್ಲಿಗೇ ಮುಗಿಸಬಹುದಿತ್ತು.

ಕಾರ್ಡು ತೆಗೆಯಲು ಕಟ್ಟಿನ ಕಡೆ ಕೈ ಚಾಚಿದಳು. ಮೇಲಿನ ಟ್ಯೂಬ್‌ಲೈಟಿನ ಬೆಳಕು ಓರೆಯಾಗಿ ಬಿದ್ದು, ಕಡುನೀಲಿ ಕವರಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಮಿಂಚಿತು. ದಪ್ಪ ಚುಕ್ಕೆ.

ಸುಪ್ರಿಯಾಳ ಕೈ ಅಲ್ಲೇ ನಿಂತಿತು. ಶನಿವಾರ ಸಂಜೆಯದ್ದೆಲ್ಲ ನೆನಪಿಗೆ ಬಂತು. ಹೋದ ವರ್ಷದ ಹಾಗಾಗಬಾರದೆಂದು ಹೊಸ ಕವರು ತಂದು, ಕಾರ್ಡು ತುಂಬಿ, ಮೊದಲು ಕಣಜ, ಆಮೇಲೆ ಪಡೆ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಇಸ್ಪೀಟಿನ ಪುರಾಣ ಹೇಳುತ್ತಿದ್ದರು. ಇವಳು ಹೂಂಗುಟ್ಟುತ್ತ ನೋಡಿದಳು, ಸರಿಯಿತ್ತು, ಚುಕ್ಕೆ ಇಟ್ಟಳು. ನೋಡಿದಳು, ಸರಿಯಿತ್ತು, ಚುಕ್ಕೆ ಇಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹದಿನಾರು ವರ್ಷದ ಗುಣವೂ ಅದಕ್ಕೇನು ಕಡಿಮೆಯಿಲ್ಲ. ನಲವತ್ತು ಕವರಿನ ಬೆನ್ನಿಗೂ ಕೈ ತನ್ನ ಪಾಡಿಗೆ ತಾನು ಚುಕ್ಕೆ ಇಟ್ಟಿತ್ತು, ತಲೆಗೆ ಅದು ಗೊತ್ತೇ ಇರಲಿಲ್ಲ. ಕಾರ್ಖಾನೆಯಿಂದ ಬ್ಯಾಗಿನಲ್ಲೇ ಬಂದಿದ್ದ ಮಾರ್ಕರ್ ಪೆನ್ನು ಅರ್ಧ ದಾರಿಯಲ್ಲಿ ಒಣಗಿತ್ತು. ಕಣಜದ ಮೇಲೆಲ್ಲ ದಪ್ಪ ಚುಕ್ಕೆ, ಪಡೆಯ ಮೇಲೆಲ್ಲ ಸಾಸಿವೆಯಷ್ಟು.

ಅಂದರೆ ಈಗ ಬರಲಿರುವುದು ಕಣಜ. ತೆಗೆಯುವ ಮುಂಚೆಯೇ ಅವಳಿಗೆ ಗೊತ್ತಾಗಿಹೋಗಿತ್ತು.

ಬೆಳಗಿನಿಂದ ಮೂರು ಸುತ್ತು ಗೆದ್ದೆನಲ್ಲ, ಅದು ನನ್ನ ಆಟವೋ ಈ ಚುಕ್ಕೆಯ ಆಟವೋ? ನೋಡಿಲ್ಲ ಅಂತ ನಾನು ಹೇಳುತ್ತೇನೆ, ಕಣ್ಣು ನೋಡಿದ್ದರೆ? ತಲೆಗೆ ಗೊತ್ತಿಲ್ಲದೆ ಕೈ ಇಟ್ಟ ಹಾಗೆ ಕಣ್ಣೂ ತನ್ನ ಪಾಡಿಗೆ ಗುರುತಿಸಿದ್ದರೆ? ಯಾರೂ ಗಮನಿಸಿಲ್ಲ. ಜಡ್ಜ್ ಬೆಳಿಗ್ಗೆ ಕಟ್ಟು ಎಣಿಸಿ ವಾಪಸು ಕೊಟ್ಟಿದ್ದಾನೆ. ಈ ಒಂದು ಕಾರ್ಡು ತೆಗೆದು ಕೆಳಗಿಟ್ಟರೆ ರಾಜ್ಯಮಟ್ಟ. ಇದೊಂದು ಹೋಗ್ಲಿ ಬಿಡಮ್ಮ ಎಂದು ಅವಳ ಒಳಗೇ ಯಾರೋ ಹಲ್ಲು ಕಿರಿದರು. ಸುಪ್ರಿಯಾಳಿಗೆ ಸಿಟ್ಟು ಬಂತು. ತನ್ನ ಮೇಲೆಯೇ ಬಂದ ಸಿಟ್ಟು ಅದು.

"ಜಡ್ಜ್!" ಎಂದು ಕೂಗಿ ಕರೆದಳು.

ಚಂದ್ರಹಾಸ ಓಡಿ ಬಂದ. "ಏನಾಯ್ತಕ್ಕ?"

"ನನ್ನ ಕವರುಗಳ ಮೇಲೆ ಗುರುತಿದೆ. ನಾನೇ ಮಾಡಿದ್ದು. ಬೇಕೂಂತ ಮಾಡಿದ್ದಲ್ಲ, ಆದ್ರೆ ಮಾಡಿದ್ದು ನಾನೇ."

ಅವನು ಒಂದೊಂದು ಕಾರ್ಡನ್ನೂ ಬೆಳಕಿಗೆ ಹಿಡಿದು ನೋಡಿದ. ಅಷ್ಟರಲ್ಲಿ ಸೋತು ಆಟ ನೋಡುತ್ತ ಉಳಿದಿದ್ದವರೆಲ್ಲ ಮುತ್ತಿಕೊಂಡರು. "ಗುರುತು ಹಾಕ್ಕೊಂಡು ಬಂದಿದಾಳಂತೆ." "ಅದಕ್ಕೇ ನೋಡು ಮಾರಾಯ, ಬೆಳಿಗ್ಗೆಯಿಂದ ಗೆಲ್ತಿದ್ದಿದ್ದು." ಅವಳ ಕೈಲಿ ಬೆಳಿಗ್ಗೆ ಸೋತಿದ್ದ ಹಲ್ಲಿನ ಡಾಕ್ಟರು, "ಕಳ್ಳಾಟ ಆಡೋರನ್ನ ಹೊರಗೆ ಹಾಕ್ಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ಯಾರಾದರೂ ಒಬ್ಬರು ತನ್ನ ಪರವಾಗಿ ಮಾತಾಡಲಿ ಎಂದು ಆಸೆಪಟ್ಟು ಸುಪ್ರಿಯಾ ಎದುರಿಗೆ ನೋಡಿದಳು. ಶಿವರಾಮ ಮೇಷ್ಟ್ರು ತಲೆ ತಗ್ಗಿಸಿ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಚಂದ್ರಹಾಸ ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ಕಳಿಸಿದ. "ತಾನಾಗಿ ಹೇಳಿದಾರೆ. ಹೊರಗೆ ಹಾಕೋ ರೂಲ್ಸ್ ಇಲ್ಲ. ಮುಗಿದಿದ್ದು ಮುಗೀತು, ಈ ಆಟ ಮಾತ್ರ ಮೇಷ್ಟ್ರಿಗೆ. ಈಗ ಒಂದೊಂದು ಆಯ್ತು. ಹತ್ತು ನಿಮಿಷ ಟೈಮು ಅಕ್ಕ, ಕವರು ಬದಲಾಯ್ಸಿ."

ಅವನ ಮೇಜಿನಲ್ಲೇ ಮಾರಾಟಕ್ಕಿಟ್ಟಿದ್ದ ಬೂದು ಬಣ್ಣದ ಕವರು ತಗೊಂಡು ಸುಪ್ರಿಯಾ ಮೂಲೆಯಲ್ಲಿ ಕೂತಳು. ಮಾಡಿದ್ದುಣ್ಣೋ ಮಾರಾಯ ಎಂದು ತನಗೆ ತಾನೇ ಹೇಳಿಕೊಂಡಳು. ಅಳು ಬಂದಿತ್ತು, ಅಳಲಿಲ್ಲ. ಹತ್ತು ನಿಮಿಷದಲ್ಲಿ ನಲವತ್ತು ಕವರು ಬದಲಾಯಿಸಬೇಕಾದವಳಿಗೆ ಕಣ್ಣೊರೆಸಿಕೊಳ್ಳಲು ಪುರಸೊತ್ತೆಲ್ಲಿ? ಒಂಬತ್ತನೇ ನಿಮಿಷಕ್ಕೆ ವಾಪಸು ಬಂದು ಕಟ್ಟನ್ನು ಮೇಜಿನ ಮೇಲಿಟ್ಟಳು. ಈಗ ಅದರ ಬೆನ್ನು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಅದು ಅವಳಿಗೆ ಹೆದರಿಕೆಯನ್ನೂ ತಂದಿತು, ಸಮಾಧಾನವನ್ನೂ ತಂದಿತು.

ಮೂರನೇ ಆಟದಲ್ಲಿ ಅದೃಷ್ಟ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಐದು ಸರದಿಯೂ ಬರೀ ಕಣಜ, ಒಂದೇ ಒಂದು ಪಡೆಯಿಲ್ಲ. ಮೇಷ್ಟ್ರು ಹೊಡೆದದ್ದೇ ಹೊಡೆದದ್ದು. ಅವಳ ಕೋಟೆ ಇಪ್ಪತ್ತರಿಂದ ಆರು ಕಲ್ಲಿಗೆ ಇಳಿಯಿತು. ಆಮೇಲೆ ಎರಡು ಸಣ್ಣ ಪಡೆ ಬಂದವು. ಬೇರೆ ಯಾರಾದರೂ ಗಾಬರಿಯಿಂದ ಆಗಲೇ ಇಳಿಸಿ ಕಳೆದುಕೊಳ್ಳುತ್ತಿದ್ದರು. ಸುಪ್ರಿಯಾ ಇಳಿಸಲಿಲ್ಲ. ಪೀಸಿನೊಳಗೆ ಹೋಗದ ಗೇಜನ್ನು ಒತ್ತಿ ತೂರಿಸಬಾರದೆಂಬುದು ಅವಳಿಗೆ ಗೊತ್ತು. ಇನ್ನೂ ನಾಲ್ಕು ಕಲ್ಲು ಕೊಟ್ಟು, ಮೂರನೆಯದೊಂದು ದೊಡ್ಡ ಪಡೆ ಕೈಗೆ ಬರುವ ತನಕ ಕಾದಳು. ಆದರೆ ಈ ಸಲ ಮೇಷ್ಟ್ರಲ್ಲೂ ಏನೋ ತಪ್ಪಿತ್ತು. ಅವಳ ಕೈಯ ಕಡೆ ನೋಡಿ ನೋಡಿ ತಡವರಿಸುತ್ತಿದ್ದರು. ಕೊನೆಗೆ, ಇವಳ ಕೈಲಿ ಪಡೆಯೇ ಇಲ್ಲವೆಂದು ಲೆಕ್ಕ ಹಾಕಿ ತಮ್ಮದೆಲ್ಲವನ್ನೂ ಮುಂದಕ್ಕೆ ಕಳಿಸಿದರು. ಸುಪ್ರಿಯಾ ಕೂಡಿಟ್ಟ ಕಣಜವನ್ನೆಲ್ಲ ಖಾಲಿ ಮಾಡಿ ಮೂರು ಪಡೆಯನ್ನು ಒಟ್ಟಿಗೆ ಇಳಿಸಿದಳು. ತಡೆದಳು. ಮುಂದಿನ ಸರದಿಗೆ ಹೊಡೆದಳು. ಅದರ ಮುಂದಿನ ಸರದಿಗೆ ಮತ್ತೆ ಹೊಡೆದಳು. ಮೇಷ್ಟ್ರ ಕೋಟೆಯಲ್ಲಿ ಕಲ್ಲು ಉಳಿಯಲಿಲ್ಲ.

ಗೆದ್ದೆನೆಂಬುದು ತಿಳಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು. ಇದು ಪಾಸು. ಯಾವ ಬೆಳಕಿಗೆ ಹಿಡಿದರೂ ಪಾಸು.

ಮೇಷ್ಟ್ರು ಏಳಲಿಲ್ಲ. "ಒಂದ್ನಿಮಿಷ ಕೂತ್ಕೋಮ್ಮ" ಅಂದರು. ದನಿ ಸಣ್ಣದಾಗಿತ್ತು. "ಆ ಚುಕ್ಕೆ ಇತ್ತಲ್ಲ, ಅದನ್ನ ನಾನು ಮೊದಲ್ನೇ ಆಟದಲ್ಲೇ ನೋಡಿದ್ದೆ. ದಪ್ಪ ಯಾವ್ದು, ಸಣ್ಣ ಯಾವ್ದು ಅಂತಾನೂ ತಿಳ್ಕೊಂಡೆ. ನಿನ್ನ ಕೈಲಿ ಎಷ್ಟು ಕಣಜ, ಎಷ್ಟು ಪಡೆ ಅಂತ ಎಣಿಸ್ಕೊಂಡೇ ಆಡಿದೆ."

ಸುಪ್ರಿಯಾ ಹರಡಿದ್ದ ಕಾರ್ಡುಗಳನ್ನು ಕೂಡಿಸಿ ಕಟ್ಟು ಮಾಡಿದಳು.

"ಹೇಳ್ಬೇಕು ಅಂತಿತ್ತು. ಗೆದ್ಮೇಲೆ ಹೇಳೋಣ ಅಂದ್ಕೊಂಡೆ. ನೋಡು, ಗೆಲ್ಲಲೂ ಇಲ್ಲ." ನಗಲು ಹೋದರು, ನಗು ಬರಲಿಲ್ಲ. "ತಪ್ಪಾಯ್ತು ಕಣಮ್ಮ."

ನಮ್ಮ ಕಡೆ ವಯಸ್ಸಾದವರು, ಅದರಲ್ಲೂ ಮೇಷ್ಟ್ರಾದವರು ಇಷ್ಟು ಬಗ್ಗಿದರೆ ಅದಕ್ಕೆ ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಿರುತ್ತದೆ: ಅಯ್ಯೋ, ಪರವಾಗಿಲ್ಲ ಬಿಡಿ ಸಾರ್. ಯೋಚನೆ ಮಾಡಬೇಕಿಲ್ಲ, ತಾನಾಗಿ ಬರುತ್ತದೆ. ಸುಪ್ರಿಯಾಳಿಗೂ ತುಟಿಯವರೆಗೆ ಬಂತು. ಅವಳು ಅದನ್ನು ಅಲ್ಲೇ ತಡೆದಳು.

"ಪರವಾಗಿಲ್ಲ ಅಂತ ನಾನು ಹೇಳಲ್ಲ ಸಾರ್. ನೀವು ಆಡಿದ್ದಕ್ಕಲ್ಲ. ಇವರೆಲ್ಲ ನನ್ನನ್ನ ಕಳ್ಳಿ ಅಂತಿದ್ರಲ್ಲ, ಆಗ ನೀವು ಇಲ್ಲೇ ಕೂತಿದ್ರಿ."

ಮೇಷ್ಟ್ರ ಮುಖ ಬಾಡಿತು. "ಈಗ ಏನು ಮಾಡ್ಲಿ ಹೇಳು" ಅಂದರು.

"ನಂಗೆ ಹೇಳಿದ್ದನ್ನ ಅವರಿಗೂ ಹೇಳಿ."

ಮೇಷ್ಟ್ರು ಎದ್ದರು. ಶಲ್ಯ ಸರಿಮಾಡಿಕೊಂಡು ಹಾಲಿನ ನಡುವೆ ಹೋಗಿ ನಿಂತರು. ಮೂವತ್ತೈದು ವರ್ಷ ಕೊನೇ ಬೆಂಚಿಗೆ ಕೇಳಿಸುವಂತೆ ಪಾಠ ಹೇಳಿದ ದನಿ ಅದು, ಈಗಲೂ ಗೋಡೆಯ ತನಕ ಮುಟ್ಟಿತು. "ಎಲ್ರೂ ಸ್ವಲ್ಪ ಇಲ್ಲಿ ಕೇಳಿ. ಈ ಹೆಣ್ಣುಮಗಳು ತನ್ನ ತಪ್ಪನ್ನ ತಾನೇ ಹೇಳಿದಳು. ಅದೇ ಚುಕ್ಕೆನ ನಾನು ಮೊದಲೇ ನೋಡಿದ್ದೆ. ನೋಡಿ, ಬಾಯಿ ಮುಚ್ಕೊಂಡು, ಅದನ್ನ ನೋಡ್ಕೊಂಡೇ ಆಡಿದೆ. ಕಳ್ಳಾಟ ಆಡಿದ್ದು ಇವಳಲ್ಲ, ನಾನು."

ಹಲ್ಲಿನ ಡಾಕ್ಟರು ತಮ್ಮ ಕಾರ್ಡಿನ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. ಮೇಷ್ಟ್ರು ಹೋದಷ್ಟೇ ನಿಧಾನವಾಗಿ ಮೇಜಿನ ಕಡೆ ತಿರುಗಿ ಬಂದರು. ಅವರು ಹತ್ತಿರ ಬರುತ್ತಿದ್ದ ಹಾಗೆ ಸುಪ್ರಿಯಾ ಕುರ್ಚಿ ಹಿಂದಕ್ಕೆ ತಳ್ಳಿ, ತರಗತಿಗೆ ಮೇಷ್ಟ್ರು ಬಂದಾಗ ಮಕ್ಕಳು ಏಳುವ ಹಾಗೆ ಎದ್ದು ನಿಂತಳು.