ಗೋಡೆಯ ಮರಕ್ಕೆ ಸಿಗದ ಹೆಸರು

ನಮ್ಮ ಹೊಸ ಮನೆಯ ಹಾಲ್‌ನಲ್ಲಿ ಒಂದು ಮರ ಬೆಳೆಯುತ್ತಿತ್ತು. ಗೋಡೆಯ ಮೇಲೆ, ಎನಾಮಲ್ ಪೇಂಟಿನಲ್ಲಿ.

ಗೃಹಪ್ರವೇಶಕ್ಕೆ ಬಂದವರೆಲ್ಲ ನೋಡಲಿ ಎಂದು ನಮ್ಮ ಮಾವನವರು ಬರೆಸುತ್ತಿದ್ದ ವಂಶವೃಕ್ಷ ಅದು. ಮಾವನವರದ್ದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ವ್ಯಾಪಾರ. ಮರದ ಬುಡದಲ್ಲಿ, ಎಲ್ಲಿಂದಲೋ ಬಂದು ನನ್ನಿವಾಳದಲ್ಲಿ ನೆಲೆ ನಿಂತ ಮೂಲಪುರುಷ. ಅಲ್ಲಿಂದ ಮೇಲಕ್ಕೆ ಅಪ್ಪ, ಮಗ, ಮತ್ತೆ ಅಪ್ಪ, ಮಗ. ಪೇಂಟರ್ ಅಂಗಡಿ ಬೋರ್ಡು ಬರೆದು ಪಳಗಿದವನು. (ಹಾಗಾಗಿ ಹಿರಿಯರ ಹೆಸರುಗಳೆಲ್ಲ ಬೇಕರಿ ಬೋರ್ಡಿನಂತೆ ಉಬ್ಬಿಕೊಂಡಿದ್ದವು.)

ಹೆಂಗಸರು? ಒಬ್ಬರೂ ಇರಲಿಲ್ಲ. ಅಷ್ಟೂ ಗಂಡಸರು ತಾವಾಗಿಯೇ ಉದುರಿದರೇ? ನಾನು ಕೇಳಲಿಲ್ಲ. ಸೊಸೆಯಂದಿರು ಎಲ್ಲವನ್ನೂ ಬಾಯಿಬಿಟ್ಟು ಕೇಳುವುದಿಲ್ಲ.

ಅಷ್ಟರಲ್ಲಿ ಶೈಲಾ ರಜೆಗೆ ಬಂದಳು. ನನ್ನ ನಾದಿನಿಯ ಮಗಳು, ಮಾವನವರ ಮುದ್ದಿನ ಮೊಮ್ಮಗಳು. ಕಂಪ್ಯೂಟರ್‌ನಲ್ಲಿ ಮನುಷ್ಯರ ವಂಶ ಹುಡುಕುವ ಪಿಎಚ್.ಡಿ. ಮಾಡುತ್ತಿದ್ದಳು. ಬರುವಾಗ ಲ್ಯಾಪ್‌ಟಾಪ್ ತಂದಿದ್ದಳು. ನಮ್ಮ ಬೀದಿ ಅದನ್ನು ನೋಡಿದ್ದು ಅದೇ ಮೊದಲು.

ಮಾವನವರು ಅವಳನ್ನು ಗೋಡೆಯ ಮುಂದೆ ನಿಲ್ಲಿಸಿದರು.

"ಅವ್ವಾ ಶೈಲಾ, ಈ ಬುಡದಿಂದ ಹಿಂದೆ ಯಾರಿದ್ರು ಅಂತ ನಿನ್ ಕಂಪ್ಯೂಟರ್ ಹೇಳ್ತೈತಾ?"

"ಅದು ಹೆಸರು ಹೇಳಲ್ಲ ಅಜ್ಜ. ಆಮೇಲೆ, ಇದು ಮರಾನೇ ಅಲ್ಲ."

ಮಾವನವರ ಮುಖ ಸಣ್ಣದಾಯಿತು. ಶೈಲಾ ಲ್ಯಾಪ್‌ಟಾಪ್ ತೆರೆದಳು. ಕಪ್ಪು ಸ್ಕ್ರೀನಿನ ಕೆಳಗೆ ಕೆಲವು ಚುಕ್ಕಿ. ಇವತ್ತು ಬದುಕಿರುವವರಂತೆ. ಅವರ ಡಿಎನ್ಎಯಲ್ಲಿ ಏನು ಒಂದೇ ಥರ, ಏನು ಬೇರೆ ಎಂದು ಹೋಲಿಸುತ್ತ ಪ್ರೋಗ್ರಾಂ ಹಿಂದಕ್ಕೆ ಹೋಗುತ್ತದೆ. ಪ್ರತಿ ಚುಕ್ಕಿಯಿಂದಲೂ ಒಂದು ಗೆರೆ ನಿಧಾನವಾಗಿ ಮೇಲೇಳುತ್ತದೆ. ಎರಡು ಗೆರೆ ಕೂಡಿದರೆ ಅಲ್ಲೊಬ್ಬರು ಪೂರ್ವಜರು. ಕೆಲವೊಮ್ಮೆ ಒಂದೇ ಗೆರೆ ಎರಡಾಗಿ ಸೀಳುತ್ತದೆ.

"ಅದ್ಯಾಕೆ ಸೀಳ್ತು?" ನಾನು ಕೇಳಿದೆ.

"ನಮ್ಮವ್ವ ನನಗೆ ಕೊಟ್ಟಿದಾಳಲ್ಲ ಅತ್ತೆ, ಆ ಡಿಎನ್ಎ ಎಳೇಲಿ ಒಂದು ತುಂಡು ಈ ಅಜ್ಜನ್ದು, ಪಕ್ಕದ ತುಂಡು ಅಜ್ಜಿದು. ಕತ್ತರಿಸಿ ಜೋಡಿಸಿರೋದು. ಅದಕ್ಕೇ ಹಿಂದೆ ಹೋದ್ರೆ ದಾರಿ ಎರಡಾಗುತ್ತೆ. ಒಂದೊಂದು ತುಂಡಿಗೂ ಬೇರೆ ಬೇರೆ ಬುಡ. ಒಂದಕ್ಕೆ ಯಾವನೋ ಗಂಡಸು, ಇನ್ನೊಂದಕ್ಕೆ ಯಾವಳೋ ಹೆಣ್ಣುಮಗಳು."

ನೋಡನೋಡುತ್ತಲೇ ಸ್ಕ್ರೀನಿನ ತುಂಬ ಬಲೆ. ಆಮೇಲೆ ಅದು ಅಳಿಸಿಹೋಗಿ ಇನ್ನೊಂದು ಬಲೆ ಮೂಡಿತು. ಯಾವುದು ನಿಜವೆಂದು ಅದಕ್ಕೂ ಗೊತ್ತಿಲ್ಲವಂತೆ. ಹೀಗಿದ್ದಿರಬಹುದು, ಹಾಗಿದ್ದಿರಬಹುದು ಎಂದು ಬರೆದು ಬರೆದು, ಯಾವುದು ಹೆಚ್ಚು ನಂಬುವಂತಿದೆ ಎಂದು ತೂಗುತ್ತದಂತೆ. ಹಿಂದಿನ ಕಾಲವನ್ನು ಕನಸು ಕಾಣುವ ಯಂತ್ರ!

"ತುಂಬಾ ಹಿಂದೆ ಹೋದ್ರೆ ಇನ್ನೊಂದು ವಿಚಿತ್ರ ಅಜ್ಜ. ನಮ್ಮ ಸ್ವಂತ ಹಿರಿಯರಲ್ಲೇ ಎಷ್ಟೋ ಜನರದ್ದು ನಮ್ಮೊಳಗೆ ಒಂದಕ್ಷರಾನೂ ಉಳಿದಿರಲ್ಲ. ಕತ್ತರಿಸೋದರಲ್ಲಿ ಬಿಟ್ಟುಹೋಗಿರ್ತಾರೆ. ಅವರನ್ನ ಯಾವ ಪ್ರೋಗ್ರಾಮೂ ಹುಡುಕೋಕಾಗಲ್ಲ."

"ಹಂಗಾರೆ ಅವರು ಇದ್ದಿದ್ದೇ ಸುಳ್ಳಾ?"

"ಇದ್ರು ಅಜ್ಜ. ಅವರಿಲ್ದಿದ್ರೆ ನಾವೆಲ್ಲಿ? ಗುರುತು ಮಾತ್ರ ಇಲ್ಲ."

ಮಾವನವರು ಆವತ್ತು ಊಟಕ್ಕೂ ಸರಿಯಾಗಿ ಕೂರಲಿಲ್ಲ. ನಾವಿನ್ನೂ ಇದ್ದ ಪಕ್ಕದ ಹಳೇ ಮನೆಯಿಂದ ಎದ್ದೆದ್ದು ಹೋಗಿ ಗೋಡೆ ನೋಡುತ್ತಿದ್ದರು. ಸಂಜೆ, "ನಮ್ಮವ್ವ ಗೌರವ್ವ. ಅವಳವ್ವ ಹಂಪವ್ವ. ಆಯಮ್ಮನ ಅವ್ವ ಯಾರು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದರೆ ಮಾವನವರು ಇಸ್ತ್ರಿ ಪಂಚೆಯಲ್ಲಿ ರೆಡಿ.

"ಮೊಳಕಾಲ್ಮೂರಿಗೆ ಹೋಗಿ ಚಿಕ್ಕವ್ವನ್ನ ಕೇಳ್ಕಂಡು ಬರೋಣ. ನೀನೂ ಬರ್ತೀಯೇನವ್ವ?" ಎಂದು ನನ್ನನ್ನು ಕೇಳಿದರು.

ಚಿಕ್ಕವ್ವ ಅಂದರೆ ಮಾವನವರ ತಾಯಿಯ ತಂಗಿ. ತೀರಾ ವಯಸ್ಸಾಗಿದೆ, ಕಣ್ಣು ಮಂಜು. ನಾವು ಹೋದಾಗ ಜಗಲಿಯ ಮೇಲೆ ಕೂತಿದ್ದರು. ಪಕ್ಕದ ಮನೆಯಿಂದ ರೇಷ್ಮೆ ಮಗ್ಗದ ಸದ್ದು.

"ಕೂಕೋ ನಾಯನಾ," ಎಂದು ಮಾವನವರ ಕೈ ಹಿಡಿದುಕೊಂಡರು.

"ಚಿಕ್ಕವ್ವಾ, ನಿಮ್ಮವ್ವನ ಅವ್ವನ ಹೆಸರೇನು?"

"ಅವ್ವ."

"ಅವ್ವಂದಲ್ಲ. ಅವ್ವನ ಅವ್ವಂದು."

"ಅದೇ ನಾಯನಾ. ಆಯಮ್ಮ ಆಂಧ್ರದ ಕಡೇಳು. ಆ ಕಡೆ ಅಜ್ಜಿಗೇ ಅವ್ವ ಅಂತಾರೆ. ನಾವೂ ಹಂಗೇ ಅಂತಿದ್ವಿ. ನಮ್ ತಾತ 'ಏಯ್' ಅಂತಿದ್ದ."

"ಹೆಸರು ಅಂತ ಒಂದಿರ್ಬೇಕಲ್ಲ?"



"ಇದ್ದೇ ಇರ್ತೈತಪ್ಪ. ನಾವು ಕೇಳ್ಲಿಲ್ಲ."

ಮಾವನವರು ತಲೆ ತಗ್ಗಿಸಿದರು. ಚಿಕ್ಕವ್ವ ಮಾತ್ರ ಇದ್ದಕ್ಕಿದ್ದಂತೆ ನಗತೊಡಗಿದರು. "ಆಯಮ್ಮ ಬೀಸ್ತಾ ಬೀಸ್ತಾನೇ ನಿದ್ದೆ ಮಾಡೋಳು ಕಣೋ! ಕಣ್ಣು ಮುಚ್ಚಿರೋದು, ಬಾಯಾಗೆ ತೆಲುಗು ಹಾಡು, ಕೈ ಮಾತ್ರ ಸುತ್ತತಾನೇ ಇರೋದು. ನಾವು ಸಜ್ಜೆ ಹಾಕೋದು ನಿಲ್ಸಿದ್ರೂ ಬರೀ ಕಲ್ಲು ತಿರುಗ್ಸೋಳು!"

ವಾಪಸ್ ಬಸ್ಸಿನಲ್ಲಿ ನನಗೂ ಮಂಪರು. ಕಿಟಕಿಯಾಚೆ ಬಂಡೆಗುಡ್ಡ, ಶೇಂಗಾ ಹೊಲ, ಬಿಸಿಲಲ್ಲಿ ತೇಲಿದಂತೆ ಸಾಗುವ ಕುರಿಮಂದೆ. ಎದುರು ಸೀಟಿನಲ್ಲಿ ಕಂಬಳಿ ಹೆಗಲಿನ ತಾತ ಯಾರಿಗೋ ತೆಲುಗಿನಲ್ಲಿ ಬೈಯುತ್ತಿದ್ದ. ಅರೆನಿದ್ದೆಯಲ್ಲಿ ಶೈಲಾಳ ಗೆರೆಗಳು ಬಸ್ಸೊಳಗೆ ಬಂದವು. ತಾತನಿಂದ ಹೊರಟ ಗೆರೆ ಕಿಟಕಿ ದಾಟಿ ಗುಡ್ಡದ ಕಡೆ ಹೋಯಿತು. ಕಂಡಕ್ಟರನದೂ ಹೋಯಿತು. ಮಾವನವರದ್ದು ಎರಡಾಗಿ ಸೀಳಿ, ಒಂದು ಎಳೆ ತಾತನ ಎಳೆಯನ್ನು ಕೂಡಿಕೊಂಡಿತು. ಎಲ್ಲ ಗೆರೆಗಳಾಚೆ ಯಾರೋ ಒಬ್ಬಳು ಹಾಡುತ್ತಿದ್ದಳು. ಮುಖ ಕಾಣಲಿಲ್ಲ.

ಮನೆಗೆ ಬಂದವರೇ ಮಾವನವರು ಶೈಲಾಳನ್ನು ಕರೆದರು. "ಆಯಮ್ಮಂದು ನನ್ನೊಳಗೆ ಏನಾರ ಉಳಿದೈತಾ?"

"ಅಷ್ಟು ಹತ್ತಿರದೋಳದ್ದು ಖಂಡಿತ ಇರುತ್ತೆ ಅಜ್ಜ."

"ಎಲ್ಲಾ ಐತೆ. ಹೆಸರೊಂದಿಲ್ಲ," ಎಂದರು ಮಾವನವರು.

ಮಾರನೇ ದಿನ ಮರದ ಸುತ್ತ ಹೊಸ ಗೆರೆಗಳು ಬಿದ್ದವು. ಗೌರವ್ವ ಬಂದಳು, ಹಂಪವ್ವ ಬಂದಳು, ತೀರಿಕೊಂಡ ನಮ್ಮ ಅತ್ತೆಯೂ ಬಂದರು. ಮರ ಕೆಟ್ಟು ಬಲೆಯಾಯಿತು. ಹಂಪವ್ವನ ಹಿಂದಿನ ಜಾಗಕ್ಕೆ ಬಂದಾಗ ಪೇಂಟರ್ ಬ್ರಷ್ ಎತ್ತಿ ಕಾದ. "ಇಲ್ಲೇನು ಬರೀಲಿ ಸಾವ್ಕಾರ್ರೇ?"

"ಬೀಸುತ್ತ ನಿದ್ದೆ ಮಾಡುತ್ತಿದ್ದವಳು ಅಂತ ಬರಿ."

ಗೃಹಪ್ರವೇಶದ ದಿನ ಅದನ್ನು ಓದಿ ಕೆಲವರು ನಕ್ಕರು. ಬೀಗರೊಬ್ಬರು, "ಇದೇನ್ರೀ, ಮನೆತನದ ಮರ್ಯಾದೆ," ಎಂದು ಗೊಣಗಿದರು. ಮಾವನವರು ಹೋಳಿಗೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರು, ಅಷ್ಟೇ. ಹೆಂಗಸರು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ತಮ್ಮ ತಮ್ಮ ಅಜ್ಜಿಯರ ಅವ್ವಂದಿರು ಹೇಗಿದ್ದರು, ಹೇಗೆ ನಗುತ್ತಿದ್ದರು ಎಂದು ಸಂಜೆಯವರೆಗೂ ಹರಟಿದರು. ಬಹಳ ಜನಕ್ಕೆ ಹೆಸರು ನೆನಪಾಗಲಿಲ್ಲ.

ಅಂದಿನಿಂದ ನನಗೊಂದೇ ಯೋಚನೆ: ನನ್ನ ಹೆಸರು ಎಲ್ಲರಿಗೂ ಮರೆತುಹೋದ ಕಾಲಕ್ಕೆ, ನನ್ನ ಜಾಗದಲ್ಲಿ ಏನಂತ ಬರೆಯುತ್ತಾರೆ?