ಮಸೀದಿಗೆ ಕೊಟ್ಟ ಬಾವಿ

"ಅಮ್ಮಾರೆ, ನಿಮ್ಮ ಬಾವಿ ತಗೊಳ್ಳೋಕೆ ನಮ್ಮ ಶಾಸ್ತ್ರ ಅಡ್ಡ ಬರ್ತೈತ್ರೀ" ಎಂದರು ಶಿಕಾರಿಪುರದ ಮಸೀದಿಯ ಹಿರಿಯ ಸಾಹೇಬರು. ಐವತ್ತರ ದಶಕದ ಕೊನೆಯ ಮಾತು. ಸೊರಬದಿಂದ ಸೊಸೆಯಾಗಿ ಬಂದ ಹೊಸದು, ನಾನು ಅತ್ತೆಯ ಹಿಂದೆ ಬಾವಿಕಟ್ಟೆಯ ಬಳಿ ನಿಂತಿದ್ದೆ. ನಮಾಜಿಗೆ ಬರುವವರು ಕೈಕಾಲು ತೊಳೆಯಲು ಕೆರೆಯ ತನಕ ನಡೆಯುವುದನ್ನು ನೋಡಲಾರದೆ, ಮಸೀದಿಗೆ ಹೊಂದಿಕೊಂಡಿದ್ದ ನಮ್ಮ ಹಿತ್ತಲ ಬಾವಿಯನ್ನು ಬಿಟ್ಟುಕೊಡುತ್ತೇನೆಂದು ಅತ್ತೆಯೇ ಅವರನ್ನು ಕರೆಸಿದ್ದರು.

"ಬೇರೆ ಧರ್ಮದೋರು ಕೊಟ್ಟ ದಾನ ನಮ್ಮಲ್ಲೂ ಪುಣ್ಯ ಆಗಬೇಕು, ಕೊಟ್ಟೋರ ಧರ್ಮದಾಗೂ ಪುಣ್ಯ ಆಗಬೇಕ್ರೀ. ಮಸೀದಿಗೆ ಕೊಡೋದು ನಿಮ್ಮಲ್ಲಿ ಪುಣ್ಯ ಅಂತ ಹೆಂಗೆ ಹೇಳೋದು?"

ಅತ್ತೆಗೆ ಸಿಟ್ಟೇ ಬಂತು. "ನೀರು ಕೊಡೋದು ಪುಣ್ಯ ಅಲ್ಲ ಅನ್ನೋ ಧರ್ಮ ಯಾವುದಿದೆ ಸಾಹೇಬ್ರೆ? ಮಸೀದಿಗಷ್ಟೇ ಅಲ್ಲ, ಬಾಯಾರಿ ಬಂದ ಯಾರಿಗಾದ್ರೂ ಸರಿ ಅಂತ ಬರ್ಕೊಳ್ಳಿ."

ಸಾಹೇಬರು ತಾವೇ ಒಂದು ಕೊಡ ನೀರು ಸೇದಿದರು. "ಯಾರಿಗಾದ್ರೂ ಅಂದ್ರಲ್ಲ, ಹಂಗಾದ್ರೆ ಮೊದಲು ನೀವೇ ಕುಡೀರಿ."

ಮಡಿಯ ಹೆಸರಿನಲ್ಲಿ ಸೊಸೆಯಾದ ನಾನು ತಂದ ನೀರನ್ನೂ ಮುಟ್ಟದ ಅತ್ತೆ, ಸೆರಗು ಸರಿಮಾಡಿಕೊಂಡು ಅವರ ಮುಂದೆ ಬೊಗಸೆ ಒಡ್ಡಿದರು.

ಬಾವಿ ಮಸೀದಿಗೆ ಹೋಯಿತು. ಮರುದಿನ ಬೆಳಿಗ್ಗೆ ಅದೇ ಬಾವಿಯಿಂದ ನಾನು ಸೇದಿ ತಂದ ನೀರನ್ನು ಅತ್ತೆ ಮೊದಲ ಸಲ ಕುಡಿದರು.