ಗೋಡೆಗೆ ಹಾಕಿದ ಅವ್ವನ ಫೋಟೊ

ಹೆಂಡತಿ ನಮ್ಮವ್ವನ ಫೋಟೊಗೆ ಕಟ್ಟು ಹಾಕಿಸಿ ತಂದಿದ್ದಾಳೆ. ಹೊಸ ವಾರ್ನಿಶಿನ ವಾಸನೆ ಬರುತ್ತಿತ್ತು; ನಾನದನ್ನು ಮುಟ್ಟಲಿಲ್ಲ.

ಸದಲಗಾದ ನಮ್ಮ ಮನೆಯಲ್ಲಿ ಗೋಡೆ ಏರುತ್ತಿದ್ದುದು ಸತ್ತವರ ಫೋಟೊ ಮಾತ್ರ. ಚಿಕ್ಕವನಿದ್ದಾಗ ಅವ್ವ ನನ್ನನ್ನು ಕೊಲ್ಲಾಪುರದ ಕಡೆಯ ಅರಮನೆಯೊಂದರ ಚಿತ್ರಶಾಲೆಗೆ ಕರೆದೊಯ್ದಳು. ಗೋಡೆ ತುಂಬ ರಾಜ ರಾಣಿಯರ ಫೋಟೊಗಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಯ ಕೋಣೆಯಲ್ಲಿ, ನೋಡಲು ಬಂದವರ ಫೋಟೊವನ್ನೂ ತೆಗೆದು ಅಲ್ಲೇ ತೂಗುಹಾಕುತ್ತಿದ್ದರು. ಅವ್ವ ಸೆರಗು ಸರಿಪಡಿಸಿಕೊಂಡು ಕುಳಿತಳು; ಸ್ವಲ್ಪ ಹೊತ್ತಿಗೆ ಅವಳ ಫೋಟೊವೂ ಗೋಡೆ ಏರಿತು.

“ನಮ್ಮವ್ವನ ಫೋಟೊ ಇಳಸ್ರಿ,” ಎಂದು ನಾನು ಅತ್ತೆ.

“ಯಾಕ್ ಅಳ್ತಿ? ಚಂದ ಬಂದೈತಿ,” ಎಂದಳು ಅವ್ವ.

ಮರಳುವಾಗ ಬಸ್ಸಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಊರು ಬರುವತನಕ ಅವಳ ಮೂಗಿನ ಕೆಳಗೆ ಬೆರಳಿಟ್ಟು ಕೂತಿದ್ದೆ.

ಈಗ ಹೆಂಡತಿ ಮೊಳೆ ಹುಡುಕುತ್ತಿದ್ದಾಳೆ. ನಾನು ಫೋಟೊವನ್ನು ಕಪಾಟಿನ ಹಿಂದೆ ಸರಿಸಿದೆ. ಒಳಕೋಣೆಯಲ್ಲಿ ಅವ್ವ ಕೆಮ್ಮಿದ ಮೇಲೆ ಉಸಿರು ಬಿಟ್ಟೆ.